ಒಮ್ಮೆ ಪಡೆದ ಡಿಪ್ಲೊಮಾ ಎಷ್ಟು ವರ್ಷ ನಡೆಯುತ್ತದೆ? ಸುರಕ್ಷತಾ ಅಧಿಕಾರಿಗಳ ನಿರಂತರ ಕಲಿಕೆಯ ಪ್ರಶ್ನೆ

ಹದಿಮೂರು ಕಾರ್ಮಿಕ ಕಾನೂನುಗಳನ್ನು ಒಂದುಗೂಡಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಗೆ 2020ರಲ್ಲಿಯೇ ಸಂಸತ್ತಿನ ಒಪ್ಪಿಗೆ ದೊರೆತಿದ್ದರೂ ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕೆಲಸದ ಅವಧಿ, ಗುತ್ತಿಗೆ, ಮಹಿಳೆಯರ ರಾತ್ರಿ ಪಾಳಿ ಇವುಗಳ ಕುರಿತು ನಡೆದಷ್ಟು ಚರ್ಚೆ ಸುರಕ್ಷತಾ ಅಧಿಕಾರಿಗಳ ನೇಮಕವನ್ನು ಹೇಳುವ ಸಂಹಿತೆಯ 22ನೆಯ ಕಲಮಿನ ಕುರಿತು ನಡೆಯಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿದ್ದರು. ಅದಕ್ಕಿಂತ ಚಿಕ್ಕ ಕಾರ್ಖಾನೆಗಳ ವಿಷಯದಲ್ಲಿ, ಅಲ್ಲಿನ ಕೆಲಸ ಅಪಾಯಕಾರಿ ಎಂದು ರಾಜ್ಯ ಸರ್ಕಾರಕ್ಕೆ ಕಂಡರೆ ಮಾತ್ರ ನೇಮಕಕ್ಕೆ ಆದೇಶಿಸಬಹುದಾಗಿತ್ತು. ಈಗ ಆ ಮಿತಿ ಐನೂರಕ್ಕೆ ಇಳಿದಿದೆ. ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಗಳಲ್ಲಿಯೂ ಕಟ್ಟಡ ನಿರ್ಮಾಣದ ಸ್ಥಳಗಳಲ್ಲಿಯೂ 250 ಕಾರ್ಮಿಕರಿದ್ದರೆ ಸಾಕು, ಗಣಿಗಳಲ್ಲಿ ನೂರು ಮಂದಿ ಇದ್ದರೆ ಸಾಕು, ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕು.

ಇದು ಒಳ್ಳೆಯ ಬದಲಾವಣೆಯೇ. ಆದರೆ ಇಷ್ಟು ಹೊಸ ಹುದ್ದೆಗಳು ಒಮ್ಮೆಲೇ ಹುಟ್ಟಿದಾಗ ಅವುಗಳನ್ನು ತುಂಬುವವರು ಯಾರು, ಅವರಿಗೆ ಏನು ಗೊತ್ತಿರಬೇಕು, ಹತ್ತು ವರ್ಷಗಳ ಬಳಿಕವೂ ಅದು ಗೊತ್ತಿದೆಯೇ ಎಂದು ನೋಡುವವರು ಯಾರು ಎಂಬ ಪ್ರಶ್ನೆಗಳು ಏಳುತ್ತವೆ. ಅಧಿಕಾರಿಯ ವಿದ್ಯಾರ್ಹತೆ ಮತ್ತು ಕರ್ತವ್ಯಗಳನ್ನು ಸಂಹಿತೆ ತಾನೇ ಹೇಳುವುದಿಲ್ಲ. ನಿಯಮಗಳಲ್ಲಿ ಗೊತ್ತುಪಡಿಸಬೇಕೆಂದು ಬಿಟ್ಟಿದೆ. ಬಹುಪಾಲು ಕಾರ್ಖಾನೆಗಳ ಮಟ್ಟಿಗೆ ಆ ನಿಯಮಗಳನ್ನು ಬರೆಯುವ ಅಧಿಕಾರ ರಾಜ್ಯ ಸರ್ಕಾರದ್ದು. ಹಳೆಯ ನಿಯಮಗಳ ಜಾಗಕ್ಕೆ ಹೊಸವು ಬರಬೇಕಾದ ಈ ಹೊತ್ತಿನಲ್ಲಿ, ನಿರಂತರ ಕಲಿಕೆಯ ವಿಷಯವನ್ನು ಅವುಗಳೊಳಗೆ ಸೇರಿಸದೆ ಹೋದರೆ ಮತ್ತೆ ಸೇರಿಸುವ ಅವಕಾಶ ಬೇಗ ಒದಗಲಾರದು.

ಈವರೆಗಿನ ವ್ಯವಸ್ಥೆ ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ಕಾರ್ಖಾನೆ ಕಾಯ್ದೆಯ 40-ಬಿ ಕಲಮಿನ ಅಡಿಯ ಮಾದರಿ ನಿಯಮಗಳು ಮೂರು ಸಂಗತಿಗಳನ್ನು ಕೇಳುತ್ತವೆ: ಎಂಜಿನಿಯರಿಂಗ್ ಅಥವಾ ವಿಜ್ಞಾನದ ಪದವಿ ಇಲ್ಲವೇ ಡಿಪ್ಲೊಮಾದ ಜೊತೆಗೆ ಮೇಲ್ವಿಚಾರಕನಾಗಿ ಕೆಲವು ವರ್ಷಗಳ ಅನುಭವ, ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ, ಮತ್ತು ಆ ಪ್ರದೇಶದ ಬಹುಪಾಲು ಕಾರ್ಮಿಕರು ಆಡುವ ಭಾಷೆಯ ಜ್ಞಾನ. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈ, ಕೊಲ್ಕತ್ತ, ಕಾನ್ಪುರ, ಫರೀದಾಬಾದ್‌ಗಳ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳು ನಡೆಸುವ ಡಿಪ್ಲೊಮಾಕ್ಕೆ ಈ ವೃತ್ತಿಯಲ್ಲಿ ಇಂದಿಗೂ ದೊಡ್ಡ ಮರ್ಯಾದೆಯಿದೆ. ಅಲ್ಲಿ ಓದಿ ಬಂದವರ ತಳಹದಿ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕೊರತೆಯಿರುವುದು ಆ ಓದಿನಲ್ಲಲ್ಲ. ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ನವೀಕರಣವೆಂಬುದೇ ಇಲ್ಲ. 1995ರಲ್ಲಿ ಡಿಪ್ಲೊಮಾ ಪಡೆದು ಆಮೇಲೆ ಒಂದು ಪುಟವನ್ನೂ ಓದದವರೂ, ವರ್ಷ ವರ್ಷವೂ ಕಲಿಯುತ್ತ ಬಂದವರೂ ಕಾನೂನಿನ ಕಣ್ಣಿಗೆ ಒಂದೇ.

ವೈದ್ಯರ ವಿಷಯದಲ್ಲಿ ನಾವು ಹೀಗೆ ಮಾಡಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳೇ ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಲ್ಲಿ ಕನಿಷ್ಠ ಮೂವತ್ತು ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು ಹೇಳಿವೆ. ಗಣಿ ಕಾರ್ಮಿಕರಿಗೂ 1966ರ ಗಣಿ ವೃತ್ತಿ ತರಬೇತಿ ನಿಯಮಗಳಡಿ ಐದು ವರ್ಷಕ್ಕೊಮ್ಮೆ ಪುನರ್‌ತರಬೇತಿ ಇದೆ. ಕಾರ್ಮಿಕನಿಗೆ ಕಡ್ಡಾಯವೆನಿಸಿದ್ದು ಕಾರ್ಖಾನೆಯ ಸುರಕ್ಷತಾ ಅಧಿಕಾರಿಗೆ ಬೇಡವೆನಿಸಿದ್ದು ಹೇಗೆ ಎಂಬುದಕ್ಕೆ ನನಗೆ ಸರಿಯಾದ ಕಾರಣವೇ ಕಾಣುವುದಿಲ್ಲ. ಅಮೆರಿಕದಲ್ಲಿ ಸುರಕ್ಷತಾ ವೃತ್ತಿಪರರಿಗೆ ಪ್ರಮಾಣಪತ್ರ ಕೊಡುವ ಮಂಡಳಿಯು ಐದು ವರ್ಷಗಳಲ್ಲಿ 25 ಅಂಕಗಳಷ್ಟು ಕಲಿಕೆಯನ್ನು ದಾಖಲಿಸದವರ ಪ್ರಮಾಣಪತ್ರವನ್ನು ಮುಂದುವರಿಸುವುದಿಲ್ಲ.

ಈ ವೃತ್ತಿಯ ಜ್ಞಾನ ನಿಜವಾಗಿ ಅಷ್ಟು ಬೇಗ ಹಳೆಯದಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಏಣಿ ಏಣಿಯೇ, ಬೆಂಕಿ ಬೆಂಕಿಯೇ, ಬದಲಾಗುವಂಥದ್ದೇನಿದೆ ಎಂಬುದು ಅವರ ವಾದ. ಇದಕ್ಕೆ ಉತ್ತರವಾಗಿ ನಮ್ಮ ಅಡುಗೆಮನೆಗಳಲ್ಲಿಯೇ ಇರುವ ಒಂದು ಕಲ್ಲನ್ನು ತೆಗೆದುಕೊಳ್ಳಬಹುದು.

ಸಿಲಿಕೋಸಿಸ್ ಕರ್ನಾಟಕಕ್ಕೆ ಹೊಸ ಕಾಯಿಲೆಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1930 ಮತ್ತು 40ರ ದಶಕಗಳಲ್ಲಿಯೇ ಅದನ್ನು ಗುರುತಿಸಲಾಗಿತ್ತು. ಕಲ್ಲಿನಲ್ಲಿರುವ ಸಿಲಿಕಾದ ಅತಿಸೂಕ್ಷ್ಮ ಧೂಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯ ಮಾಡಿ, ಆ ಗಾಯ ಗಟ್ಟಿಯಾಗಿ, ಉಸಿರಾಟದ ಜಾಗವೇ ಕ್ರಮೇಣ ಕಿರಿದಾಗುವ ಈ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. ಹತ್ತಿಪ್ಪತ್ತು ವರ್ಷ ಧೂಳು ಕುಡಿದ ಮೇಲೆ ಬರುವ ಮುದುಕರ ಕಾಯಿಲೆ ಎಂದೇ ಹಿಂದಿನ ತಲೆಮಾರಿನ ಸುರಕ್ಷತಾ ಅಧಿಕಾರಿಗಳು ಕಲಿತಿದ್ದರು. ಆಮೇಲೆ ಅಡುಗೆಮನೆಯ ಕಟ್ಟೆಗಳಿಗೆ ಕಾರ್ಖಾನೆಯಲ್ಲಿ ತಯಾರಿಸಿದ ಕ್ವಾರ್ಟ್ಜ್ ಹಲಗೆಗಳು ಬಂದವು. ಗ್ರಾನೈಟಿನಲ್ಲಿ ಸಿಲಿಕಾದ ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿದ್ದರೆ ಈ ಹಲಗೆಗಳಲ್ಲಿ ಅದು ನೂರಕ್ಕೆ ತೊಂಬತ್ತನ್ನು ದಾಟುವುದುಂಟು. ಇವುಗಳನ್ನು ನೀರಿಲ್ಲದೆ ಒಣಗರಗಸದಲ್ಲಿ ಕತ್ತರಿಸುತ್ತಿದ್ದ ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಾಗಳ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡಿತು. ಶ್ವಾಸಕೋಶ ಕಸಿಯ ಹಂತಕ್ಕೆ ಹೋದವರೂ ಇದ್ದರು. ಅಮೆರಿಕ 2016ರಲ್ಲಿ ಉಸಿರಾಡುವ ಗಾಳಿಯಲ್ಲಿ ಸಿಲಿಕಾದ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೊಗ್ರಾಮಿಗೆ ಇಳಿಸಿತು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಬಗೆಯ ಕಲ್ಲನ್ನೇ ನಿಷೇಧಿಸಿತು.

2005ರಲ್ಲಿ ಡಿಪ್ಲೊಮಾ ಮುಗಿಸಿದವರ ಪಠ್ಯದಲ್ಲಿ ಇದು ಇರಲು ಸಾಧ್ಯವೇ ಇರಲಿಲ್ಲ. ಬೆಂಗಳೂರಿನಲ್ಲಿ ಏಳುತ್ತಿರುವ ಒಂದೊಂದು ವಸತಿ ಸಮುಚ್ಚಯದಲ್ಲಿಯೂ ನೂರಾರು ಅಡುಗೆಮನೆಗಳಿರುತ್ತವೆ. ಕಟ್ಟೆಯ ಕಲ್ಲನ್ನು ಅಳತೆಗೆ ಕತ್ತರಿಸುವ ಕೆಲಸ ಅಲ್ಲೇ, ಕಿಟಕಿಗೆ ಗಾಜು ಹಾಕಿ ಮುಚ್ಚಿದ ಕೋಣೆಯಲ್ಲೇ, ಆಂಗಲ್ ಗ್ರೈಂಡರಿನಲ್ಲಿ ನಡೆಯುವುದುಂಟು. ಆ ಸ್ಥಳದ ಸೇಫ್ಟಿ ಆಫೀಸರ್ ಗ್ರೈಂಡರಿಗೆ ಗಾರ್ಡ್ ಇದೆಯೇ, ಕೆಲಸಗಾರ ಕನ್ನಡಕ ಹಾಕಿದ್ದಾನೆಯೇ, ವೈರಿನ ಇನ್ಸುಲೇಷನ್ ಸರಿಯಿದೆಯೇ ಎಂದು ನೋಡುತ್ತಾರೆ, ನೋಡಲೇಬೇಕು. ಆದರೆ ಕಲ್ಲು ಯಾವುದು ಎಂದು ಕೇಳಬೇಕೆಂಬುದು ಅವರಿಗೆ ಹೊಳೆಯುವುದು, ಕಲ್ಲಿನ ಜಾತಿ ಬದಲಾದದ್ದರಿಂದ ಕಾಯಿಲೆಯ ವೇಗವೇ ಬದಲಾಗಿದೆ ಎಂಬುದನ್ನು ಯಾರಾದರೂ ಅವರಿಗೆ ಹೇಳಿದ್ದರೆ ಮಾತ್ರ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಗರಗಸಕ್ಕೆ ನೀರು ಬಿಡಬೇಕು, ಅಥವಾ ಕಲ್ಲನ್ನು ಹೊರಗೆ ಕತ್ತರಿಸಿಯೇ ತರಿಸಬೇಕು ಎಂದು ಗುತ್ತಿಗೆದಾರನ ಎದುರು ಪಟ್ಟು ಹಿಡಿಯುವ ಧೈರ್ಯವೂ ಆ ತಿಳಿವಳಿಕೆಯಿಂದಲೇ ಬರಬೇಕು.

ಲಿಥಿಯಂ ಬ್ಯಾಟರಿಗಳದ್ದೂ ಇದೇ ಕಥೆ. ಆರಿತು ಎಂದುಕೊಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಲ್ಲದು, ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರಬಲ್ಲದು ಎಂಬುದು ಗೋಡೆಗೆ ತೂಗುಹಾಕಿದ ಹಳೆಯ ಅಗ್ನಿಶಾಮಕ ಚಾರ್ಟಿನಲ್ಲಿ ಸಿಗುವುದಿಲ್ಲ.

ಹೊಸದನ್ನು ಸೇರಿಸಿಕೊಳ್ಳುವುದಕ್ಕಿಂತ ಕಷ್ಟದ್ದು ಕಲಿತದ್ದನ್ನು ಬಿಡುವುದು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರಲ್ಲಿ, ನೂರಕ್ಕೆ 88 ಅಪಘಾತಗಳಿಗೆ ಕಾರ್ಮಿಕರ ಅಸುರಕ್ಷಿತ ವರ್ತನೆಯೇ ಕಾರಣವೆಂದು ಬರೆದರು. ಅವರು ಆಧಾರವಾಗಿಟ್ಟುಕೊಂಡದ್ದು ಬಹುಮಟ್ಟಿಗೆ ಮೇಲ್ವಿಚಾರಕರು ಮತ್ತು ಮಾಲೀಕರ ಕಡೆಯಿಂದ ಬಂದ ವರದಿಗಳನ್ನು. ತಪ್ಪು ಯಾರದೆಂದು ಮೇಲ್ವಿಚಾರಕರನ್ನು ಕೇಳಿದರೆ ಬೆರಳು ಯಾರ ಕಡೆಗೆ ತಿರುಗುತ್ತದೆ ಎಂಬುದನ್ನು ಊಹಿಸಲು ಹೆಚ್ಚು ಓದು ಬೇಕಿಲ್ಲ. ಮೂಲ ಕಡತಗಳು ಮರುಪರಿಶೀಲನೆಗೆ ಸಿಗಲಿಲ್ಲ, ಆ ಲೆಕ್ಕವನ್ನು ಸುರಕ್ಷತಾ ವೃತ್ತಿಯ ವಿದ್ವಾಂಸರೇ ಬಲವಾಗಿ ಪ್ರಶ್ನಿಸಿದ್ದಾರೆ. ಆದರೂ ನಮ್ಮ ತರಬೇತಿ ಕೋಣೆಗಳ ಪರದೆಯ ಮೇಲೆ ಆ 88 ಇಂದಿಗೂ ಮೂಡುತ್ತದೆ, ಅಪಘಾತ ವರದಿಗಳ ಕೊನೆಯ ಸಾಲಿನಲ್ಲಿ "ಕಾರ್ಮಿಕನ ನಿರ್ಲಕ್ಷ್ಯ" ಎಂದು ಇಳಿಯುತ್ತದೆ. ಹಾಗೆ ಬರೆದ ಕೂಡಲೇ ತನಿಖೆ ಮುಗಿಯುತ್ತದೆ. ಯಂತ್ರ ಹಾಗೆಯೇ ಉಳಿಯುತ್ತದೆ, ಮುಂದಿನ ಪಾಳಿಯ ಇನ್ನೊಬ್ಬ ಅದೇ ಜಾಗದಲ್ಲಿ ಬಂದು ನಿಲ್ಲುತ್ತಾನೆ. ನಿರಂತರ ಕಲಿಕೆ ಈ ಒಂದು ಸಾಲನ್ನು ಅಳಿಸಿದರೂ ಅದಕ್ಕೆ ಹಾಕಿದ ಹಣ ಸಾರ್ಥಕ ಎಂದು ನಾನು ನಂಬುತ್ತೇನೆ.

ಹಾಗೆಂದು ಎಲ್ಲ ಅನಾಹುತಗಳೂ ಹೊಸ ಜ್ಞಾನದ ಕೊರತೆಯಿಂದ ಆಗುವುದಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಘಟಕದ ತೊಟ್ಟಿಯಿಂದ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಹೊರಬಂದು ಹನ್ನೆರಡು ಜನ ಸತ್ತರು. ಸ್ಟೈರೀನ್ ತಾನಾಗಿಯೇ ಬಿಸಿಯೇರಿ ಪಾಲಿಮರ್ ಆಗುತ್ತದೆ, ಅದನ್ನು ತಣ್ಣಗಿಡಬೇಕು, ತಡೆಯುವ ರಾಸಾಯನಿಕವನ್ನು ಸೇರಿಸುತ್ತಿರಬೇಕು ಎಂಬುದು ಹಲವು ದಶಕಗಳಿಂದ ತಿಳಿದ ವಿಷಯ. ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿಯ ವರದಿ ತೋರಿಸಿಕೊಟ್ಟಂತೆ, ಉಷ್ಣತೆಯನ್ನು ತೊಟ್ಟಿಯ ತಳದಲ್ಲಿ ಮಾತ್ರ ಅಳೆಯಲಾಗುತ್ತಿತ್ತು. ಮೇಲಿನ ಪದರ ಕಾಯುತ್ತಿದ್ದರೂ ಅಳತೆಯ ಮುಳ್ಳು ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿತ್ತು. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ದಾಸ್ತಾನಿಗೆ ಬೇಕಾದ ತಡೆರಾಸಾಯನಿಕವೂ ಅಲ್ಲಿರಲಿಲ್ಲ, ತಂಪುಗೊಳಿಸುವ ವ್ಯವಸ್ಥೆಯೂ ದಿನವಿಡೀ ನಡೆಯುತ್ತಿರಲಿಲ್ಲ. ಇಲ್ಲಿ ಬೇಕಾಗಿದ್ದುದು ಇಷ್ಟೇ: ಸ್ಥಾವರ ನಿಂತಿರುವಾಗ ಅಪಾಯ ಹೇಗೆ ಬದಲಾಗುತ್ತದೆ, ಈ ಅಳತೆ ನಿಜವಾಗಿ ಯಾವುದನ್ನು ಅಳೆಯುತ್ತಿದೆ ಎಂದು ಕೇಳುವ ಅಭ್ಯಾಸ. ಹಾಗೆ ಕೇಳುವ ಅಭ್ಯಾಸವನ್ನು ಬೇರೆ ಕಡೆಯ ಅಪಘಾತಗಳನ್ನು ಕೂತು ಬಿಡಿಸಿ ಓದುವುದರಿಂದ ಬೆಳೆಸಿಕೊಳ್ಳಬಹುದು. ಒಮ್ಮೆ ಬೆಳೆಸಿಕೊಂಡರೂ ಬಳಸದಿದ್ದರೆ ಮೊಂಡಾಗುತ್ತದೆ.

ನಮ್ಮದೇ ಮಂಗಳೂರಿನಲ್ಲಿ, 2022ರ ಏಪ್ರಿಲ್‌ನಲ್ಲಿ, ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಇಳಿದವನನ್ನು ಎತ್ತಲು ಹೋದವರೂ ಸೇರಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತರು. ಕೊಳೆಯುವ ತ್ಯಾಜ್ಯದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ; ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡ ಕ್ಷಣವೇ ಅತ್ಯಂತ ಅಪಾಯದ್ದು. ಇಳಿಯುವ ಮೊದಲು ಗ್ಯಾಸ್ ಟೆಸ್ಟ್, ಲಿಖಿತ ಅನುಮತಿಯ ಪರ್ಮಿಟ್, ಮೇಲೊಬ್ಬ ಕಾವಲು, ಎತ್ತಲು ಮೂರು ಕಾಲಿನ ಟ್ರೈಪಾಡ್, ಮತ್ತು ಯಾರೇ ಬಿದ್ದರೂ ಉಸಿರಾಟದ ಸಾಧನವಿಲ್ಲದೆ ಹಿಂದೆ ಇಳಿಯಬಾರದೆಂಬ ಕಟ್ಟುನಿಟ್ಟು: ಇವನ್ನು ಬರೆಯಲು ಅರ್ಧ ಪುಟ ಸಾಕು. ಆದರೆ ಕಣ್ಣೆದುರು ಬಿದ್ದ ಜೊತೆಗಾರನನ್ನು ನೋಡಿಯೂ ಮೇಲೆಯೇ ನಿಲ್ಲುವುದು ಅಭ್ಯಾಸದಿಂದ ಮಾತ್ರ ಬರುವಂಥದ್ದು. ಆ ಅಭ್ಯಾಸ ಮಾಡಿಸಬೇಕಾದ ಸುರಕ್ಷತಾ ಅಧಿಕಾರಿ ತಾನೇ ಕೊನೆಯ ಬಾರಿ ಟ್ರೈಪಾಡ್ ಕಟ್ಟಿದ್ದು ಯಾವಾಗ?

ಈ ಐವರು ಯಾವ ಭಾಷೆಯವರಾಗಿದ್ದರು ಎಂಬುದೂ ಮುಖ್ಯ. ನಿಯಮಗಳು ಕೇಳುವ ಭಾಷಾಜ್ಞಾನದ ಮಾತನ್ನು ಹಿಂದೆ ಹೇಳಿದೆ. ಅದನ್ನು ಬರೆದ ಕಾಲದಲ್ಲಿ ಕರ್ನಾಟಕದ ಮಟ್ಟಿಗೆ ಅದರ ಅರ್ಥ ಹೆಚ್ಚುಕಡಿಮೆ ಕನ್ನಡ ಬರಬೇಕು ಎಂದಾಗಿತ್ತು. ಇಂದು ಬೆಂಗಳೂರಿನ ಕಟ್ಟಡ ಕೆಲಸದ ಸ್ಥಳದಲ್ಲಿ ಸೆಂಟ್ರಿಂಗ್ ಕೆಲಸದವರು ಒಡಿಶಾದವರು, ಕಬ್ಬಿಣ ಕಟ್ಟುವವರು ಬಂಗಾಳ ಅಥವಾ ಜಾರ್ಖಂಡಿನವರು, ಮಣ್ಣು ಕೆಲಸದವರು ರಾಯಚೂರು, ಯಾದಗಿರಿ ಕಡೆಯವರು ಆಗಿರುವುದು ಸಾಮಾನ್ಯ. ಕೆಲಸ ಶುರುವಾಗುವ ಮುನ್ನ ಸುರಕ್ಷತೆಯ ಬಗ್ಗೆ ಹೇಳುವ ಬೆಳಗಿನ ಟೂಲ್‌ಬಾಕ್ಸ್ ಮಾತನ್ನು ಒಂದೇ ಭಾಷೆಯಲ್ಲಿ ಹೇಳಿ ಸಹಿ ಹಾಕಿಸಿಕೊಂಡರೆ ಕಡತ ತುಂಬುತ್ತದೆ, ತಲೆ ತುಂಬುವುದಿಲ್ಲ. ಕನ್ನಡದ ಕಾರ್ಮಿಕನಿಗೆ ಅವನ ಕನ್ನಡದಲ್ಲೇ ಹೇಳಬೇಕು; ಹೊರಗಿನಿಂದ ಬಂದವನಿಗೆ ಅವನ ಭಾಷೆಯ ಹತ್ತು ಇಪ್ಪತ್ತು ತುರ್ತು ಮಾತುಗಳಾದರೂ ಅಧಿಕಾರಿಯ ಬಾಯಲ್ಲಿರಬೇಕು. ವೃತ್ತಿಪರ ಕಲಿಕೆ ಎಂದಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಕ ಕೊಡುವುದಾದರೆ ನಾನು ಮೊದಲ ಅಂಕವನ್ನು ಇದಕ್ಕೇ ಕೊಡುತ್ತೇನೆ.

ಕಲಿಕೆಯ ಹೆಸರಿನಲ್ಲಿ ಈಗ ನಡೆಯುತ್ತಿರುವುದು ಏನೂ ಇಲ್ಲವೆಂದಲ್ಲ. 1966ರ ಮಾರ್ಚ್ 4ರಂದು ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಪರಿಷತ್ತು ಮತ್ತು ಅದರ ಕರ್ನಾಟಕ ಶಾಖೆ ತರಬೇತಿಗಳನ್ನು ನಡೆಸುತ್ತವೆ. ದೊಡ್ಡ ಕಂಪನಿಗಳು ತಮ್ಮವರನ್ನು ಸಮ್ಮೇಳನಗಳಿಗೆ ಕಳುಹಿಸುತ್ತವೆ. ಗಲ್ಫ್ ದೇಶಗಳ ಉದ್ಯೋಗಕ್ಕಾಗಿ ಕರಾವಳಿಯ ಎಷ್ಟೋ ಯುವಕರು ಬ್ರಿಟನ್ನಿನ ನೆಬೋಷ್ ಎಂಬ ಸುರಕ್ಷತಾ ಪರೀಕ್ಷೆಯನ್ನು ಸ್ವಂತ ಹಣ ತೆತ್ತು ಬರೆಯುತ್ತಾರೆ. ಅಪಾಯವನ್ನು ಪಟ್ಟಿ ಮಾಡಿ ತೂಗುವ ಶಿಸ್ತನ್ನು ಅದು ಕಲಿಸುತ್ತದೆ, ನಿಜ. ಆದರೆ ನಮ್ಮ ಕಾನೂನು, ನಮ್ಮ ಬಾಯ್ಲರು, ನಮ್ಮ ಬಿದಿರಿನ ಸಾರುವೆ ಅದರಲ್ಲಿಲ್ಲ. ಇನ್ನು ಆನ್‌ಲೈನ್ ಉಪನ್ಯಾಸಗಳದ್ದು ಬೇರೆಯೇ ಲೋಕ: ಹೆಸರು ನೋಂದಾಯಿಸಿ, ಒಂದು ಗಂಟೆ ಪರದೆ ತೆರೆದಿಟ್ಟರೆ ಪ್ರಮಾಣಪತ್ರ ಮಿಂಚಂಚೆಗೆ ಬಂದು ಬೀಳುತ್ತದೆ. ನಿರಂತರ ಕಲಿಕೆಯನ್ನು ಕಡ್ಡಾಯ ಮಾಡಿದರೆ ಇಂಥ ಪ್ರಮಾಣಪತ್ರಗಳ ಅಂಗಡಿಗಳು ಇನ್ನಷ್ಟು ತೆರೆಯುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಕುಳಿತ ಗಂಟೆಗಳನ್ನಷ್ಟೇ ಎಣಿಸುವ ನಿಯಮ ಬಂದರೆ ಹಾಗೆಯೇ ಆಗುತ್ತದೆ.

ಹಾಗಾಗಿ ಯಾವುದನ್ನು ಕಲಿಕೆ ಎಂದು ಎಣಿಸಬೇಕು ಎಂಬುದರಲ್ಲಿಯೇ ಎಲ್ಲವೂ ನಿಂತಿದೆ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ ದೊಡ್ಡ ಅಪಾಯದ ಸ್ಥಾವರಗಳು ಆರು ತಿಂಗಳಿಗೊಮ್ಮೆ ತುರ್ತು ಯೋಜನೆಯ ಅಣಕು ಕವಾಯತು ನಡೆಸಲೇಬೇಕು. ಒಂದು ಕಾರ್ಖಾನೆಯ ಕವಾಯತಿಗೆ ಪಕ್ಕದ ಮೂರು ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳು ವೀಕ್ಷಕರಾಗಿ ಬಂದು, ಎಲ್ಲಿ ತಡವಾಯಿತು, ಯಾವ ಸೈರನ್ ಕೇಳಿಸಲಿಲ್ಲ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡದೆ ಜನರನ್ನು ಎಲ್ಲಿ ಸೇರಿಸಲಾಯಿತು ಎಂದು ಬರೆದುಕೊಟ್ಟರೆ, ಬಂದವರಿಗೂ ಕಲಿಕೆ, ನಡೆಸಿದವರಿಗೂ ಕಲಿಕೆ. ಬೈಕಂಪಾಡಿ, ನಂಜನಗೂಡು, ಬೊಮ್ಮಸಂದ್ರಗಳಂತಹ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದಿರುವುದರಿಂದ ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ತಮ್ಮಲ್ಲಿಯೇ ಸ್ವಲ್ಪದರಲ್ಲಿ ತಪ್ಪಿದ ಅವಘಡವೊಂದನ್ನು ಆಳವಾಗಿ ತನಿಖೆ ಮಾಡಿ, ಅದರಿಂದ ಯಂತ್ರದಲ್ಲೋ ಕೆಲಸದ ಕ್ರಮದಲ್ಲೋ ಆದ ಬದಲಾವಣೆಯನ್ನು ಸಹೋದ್ಯೋಗಿಗಳ ಮುಂದಿಟ್ಟು ಪ್ರಶ್ನೆಗಳನ್ನು ಎದುರಿಸುವುದು ಹತ್ತು ಉಪನ್ಯಾಸಗಳಿಗೆ ಸಮ. ಬದಲಾವಣೆ ಆಗಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಬಹುದು. ಉಪನ್ಯಾಸ ಕೇಳಿದರೇ ಎಂದು ನೋಡುವ ದಾರಿಯಿಲ್ಲ.

ಕಲಿಯಲು ಸಮಯವೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಮಾದರಿ ನಿಯಮಗಳ ಪ್ರಕಾರ ಸುರಕ್ಷತಾ ಅಧಿಕಾರಿ ಹಿರಿಯ ಅಧಿಕಾರಿಯ ದರ್ಜೆಯವರು, ಕಾರ್ಖಾನೆಯ ಮುಖ್ಯಸ್ಥರಿಗೇ ನೇರವಾಗಿ ವರದಿ ಮಾಡಬೇಕಾದವರು, ತಮ್ಮ ಕರ್ತವ್ಯಕ್ಕೆ ಸಂಬಂಧಿಸದ ಕೆಲಸವನ್ನು ಅವರಿಂದ ಮಾಡಿಸುವಂತಿಲ್ಲ. ನಡೆಯುವುದು ಬೇರೆ. ಕ್ಯಾಂಟೀನಿನ ದೂರು, ಭದ್ರತಾ ಸಿಬ್ಬಂದಿಯ ಪಾಳಿ, ಆಡಿಟ್ ಬರುವ ಮುನ್ನ ಬಣ್ಣ ಬಳಿಸುವುದು ಎಲ್ಲವೂ ಅವರ ತಲೆಗೇ ಬರುತ್ತದೆ. ಕಟ್ಟಡ ನಿರ್ಮಾಣದ ಗುತ್ತಿಗೆದಾರರ ಬಳಿ ಇರುವವರ ಸ್ಥಿತಿ ಇನ್ನೂ ಕಷ್ಟದ್ದು. ಯೋಜನೆ ಮುಗಿದಾಗ ಕೆಲಸವೂ ಮುಗಿಯುವುದರಿಂದ, ಇನ್ನೊಬ್ಬರ ಬಳಿ ಹೋಗಲಿರುವವನ ಕಲಿಕೆಗೆ ತಾನೇಕೆ ಹಣ ಹಾಕಬೇಕೆಂದು ಗುತ್ತಿಗೆದಾರ ಯೋಚಿಸುತ್ತಾನೆ. ಕಲಿಕೆಯ ದಾಖಲೆ ಕಂಪನಿಯ ಕಡತದಲ್ಲಿರದೆ ವ್ಯಕ್ತಿಯ ಹೆಸರಿನಲ್ಲಿದ್ದರೆ, ಆತ ಎಲ್ಲಿಗೆ ಹೋದರೂ ಅದು ಜೊತೆಗೆ ಹೋದರೆ, ಈ ತೊಡಕು ಸ್ವಲ್ಪ ಸಡಿಲವಾದೀತು.

ಹಾಗಾದರೆ ರಾಜ್ಯದ ನಿಯಮಗಳಲ್ಲಿ ಏನಿರಬೇಕು? ಸುರಕ್ಷತಾ ಅಧಿಕಾರಿಗಳ ಹೆಸರು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ವ್ಯಕ್ತಿಗತವಾಗಿ ನೋಂದಣಿಯಾಗಬೇಕು, ಆ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ನವೀಕರಣಕ್ಕೆ ಬೇಕಾದ ಕಲಿಕೆಯಲ್ಲಿ ಕನಿಷ್ಠ ಅರ್ಧ ಭಾಗ ಕೆಲಸದ ಸ್ಥಳದಲ್ಲಿಯೇ ಆದದ್ದಾಗಿರಬೇಕು. ಅದಕ್ಕೆ ತಗಲುವ ದಿನಗಳನ್ನು ಸಂಬಳ ಸಹಿತ ಕೆಲಸದ ದಿನಗಳೆಂದೇ ಎಣಿಸಬೇಕು. ಹಾಗಲ್ಲದೆ ಕಡ್ಡಾಯ ಮಾಡಿದರೆ ಅದು ಭಾನುವಾರಗಳ ಮೇಲೆ ಹಾಕಿದ ತೆರಿಗೆಯಾಗುತ್ತದೆ. ಸಂಹಿತೆಯು ಇನ್‌ಸ್ಪೆಕ್ಟರುಗಳನ್ನು ಪರಿವೀಕ್ಷಕರೂ ಸಹಾಯಕರೂ ಆದವರು ಎಂದು ಕರೆದಿರುವುದರಿಂದ ಅವರಿಗೂ ಇದೇ ಕಲಿಕೆ ಅನ್ವಯಿಸಬೇಕು. ಕ್ವಾರ್ಟ್ಜ್ ಹಲಗೆಯ ವಿಷಯ ತಿಳಿಯದ ಇನ್‌ಸ್ಪೆಕ್ಟರ್, ತಿಳಿದ ಸುರಕ್ಷತಾ ಅಧಿಕಾರಿಯ ಬೆನ್ನಿಗೆ ನಿಲ್ಲಲಾರರು.

ಇಷ್ಟೆಲ್ಲ ಆದರೂ ಇದು ತಲುಪುವುದು ಐನೂರು ಅಥವಾ 250 ಮಂದಿಯ ಮಿತಿ ದಾಟಿದ ಕಡೆಗೆ ಮಾತ್ರ. ಜಿಗಣಿಯ ಗ್ರಾನೈಟ್ ಘಟಕಗಳು, ಲೋಹದ ಹಾಳೆ ಒತ್ತುವ ಪೀಣ್ಯದ ಪ್ರೆಸ್ ಶಾಪುಗಳು, ಹತ್ತಾಳುಗಳಿಂದ ನಡೆಯುವ ಕಲ್ಲು ಕತ್ತರಿಸುವ ಶೆಡ್ಡುಗಳು ಸುರಕ್ಷತಾ ಅಧಿಕಾರಿಯ ಮುಖವನ್ನೇ ಕಾಣುವುದಿಲ್ಲ. ಬೆರಳು ಕಳೆದುಕೊಳ್ಳುವವರೂ ಧೂಳು ಕುಡಿಯುವವರೂ ಹೆಚ್ಚಾಗಿ ಅಲ್ಲಿಯೇ ಇದ್ದಾರೆ. ನವೀಕರಣಕ್ಕೆ ಬೇಕಾದ ಕೆಲಸದ ಸ್ಥಳದ ಕಲಿಕೆಯಲ್ಲಿ ಒಂದು ಪಾಲನ್ನು, ದೊಡ್ಡ ಕಾರ್ಖಾನೆಯ ಅಧಿಕಾರಿಗಳು ತಮ್ಮದೇ ಕೈಗಾರಿಕಾ ಪ್ರದೇಶದ ಇಂಥ ಚಿಕ್ಕ ಘಟಕವೊಂದರಲ್ಲಿ ವರ್ಷಕ್ಕೆ ಕೆಲವು ದಿನ ಕಳೆಯುವುದಕ್ಕೆ ಮೀಸಲಿಡಬಹುದು. ಅಲ್ಲಿ ಪರ್ಮಿಟ್ ಪುಸ್ತಕವಿಲ್ಲ, ಸೇಫ್ಟಿ ಕಮಿಟಿಯಿಲ್ಲ, ಬಜೆಟ್ಟೂ ಇಲ್ಲ. ಒಂದು ಗರಗಸ, ಒಂದು ನೀರಿನ ನಲ್ಲಿ, ದಿನದ ಲೆಕ್ಕದಲ್ಲಿ ಸಂಬಳ ಪಡೆಯುವ ಆರು ಮಂದಿ ಇರುತ್ತಾರೆ. ಆ ನಲ್ಲಿಯಿಂದ ಗರಗಸದವರೆಗೆ ಒಂದು ಪೈಪ್ ಎಳೆಸುವುದು, ಅದು ಮುಂದಿನ ತಿಂಗಳೂ ಅಲ್ಲೇ ಇರುವಂತೆ ಮಾಲೀಕನನ್ನು ಒಪ್ಪಿಸುವುದು ಹೇಗೆ ಎಂಬುದನ್ನು ಯಾವ ಡಿಪ್ಲೊಮಾವೂ ಕಲಿಸಿಲ್ಲ.